ಗೋಮಾಳದ ಲೆಕ್ಕ

ನಮ್ಮ ದ್ವೀಪದಲ್ಲಿ ಮರವಿಲ್ಲ, ಗಾಳಿಯಿದೆ.
ಗುಡ್ಡಕ್ಕೆ ಬೇಲಿಯಿಲ್ಲ;
ಹದಿನೇಳು ಮನೆಗೂ ಒಂದೇ ಗೋಮಾಳ.
ಯಾರ ಕುರಿ ಎಷ್ಟು, ಯಾವತ್ತು ಇಳಿಸುವುದು,
ಯಾರು ನೆಪ ಹೇಳಿ ತಪ್ಪಿಸಿಕೊಂಡರು,
ಇಷ್ಟನ್ನು ಬರೆದಿಡುವ ಗುಮಾಸ್ತ ನಾನು.
ವರ್ಷಕ್ಕೊಂದು ಬಾಟಲಿ ವಿಸ್ಕಿ ನನ್ನ ಸಂಬಳ,
ಬೈಗುಳ ಮೇಲುಸಂಪಾದನೆ.

ಆ ವರ್ಷ ಮತದಾನ ಬಂತು:
ಸ್ಕಾಟ್ಲೆಂಡ್ ಬೇರೆಯಾಗಬೇಕೇ, ಬೇಡವೇ.
ಎಫೀ ನಿಕಲ್ಸನ್ ಚಿಮಣಿಗೆ ನೀಲಿ ಬಾವುಟ ಕಟ್ಟಿದಳು.
ಎದುರು ಮನೆಯ ಟಾರ್ಕ್ವಿಲ್,
ರಾಣಿಯ ನೌಕಾಪಡೆಯ ಅನ್ನ ತಿಂದವನು,
ಲಂಡನ್ನಿನ ಮೂರು ಬಣ್ಣದ್ದನ್ನು ಏರಿಸಿದ.
ಒಂದೇ ವಾರದಲ್ಲಿ ಗಾಳಿ ಎರಡನ್ನೂ ಹರಿದುಹಾಕಿತು.
ಯಾವುದು ಮೊದಲು ಎಂದು ಕೇಳಬೇಡಿ,
ಅದಕ್ಕೂ ಎರಡು ಪಕ್ಷಗಳಿವೆ.

ಅವನು ಗೆದ್ದ. ಮುಖದಲ್ಲಿ ಗೆಲುವಿರಲಿಲ್ಲ:
ಸ್ವಂತ ಮಗಳೇ ಎಫೀ ಕಡೆ ಹಾಕಿದ್ದಳಂತೆ.
ಮಾತು ನಿಂತಿತು.
ಅಂಚೆ ಅದಲುಬದಲಾಗಿ ಬಂದರೆ
ಗೇಟಿನ ಬಳಿ ಕಲ್ಲಿನಡಿ ಇಟ್ಟು ಹೋಗುವರು.
ಒಂದೇ ತಿಂಗಳಲ್ಲಿ ಇಬ್ಬರಿಂದಲೂ ಅರ್ಜಿ ಬಂತು:
ಗೋಮಾಳದಲ್ಲಿ ನನ್ನ ಪಾಲು ಅಳೆದು, ಬೇಲಿ ಹಾಕಿಸಿಕೊಡಿ.
ಎರಡರಲ್ಲೂ ಅದೇ ಕಾಗುಣಿತದ ತಪ್ಪು.
ಒಂದೇ ಶಾಲೆ, ಒಬ್ಬಳೇ ಟೀಚರು.
ಡ್ರಾಯರಿಗೆ ಹಾಕಿದೆ.

ಆದರೂ ಕುರಿ ಇಳಿಸುವ ದಿನ ಇಬ್ಬರೂ ಬೇಕು.
ಪಡುವಣ ದಿಬ್ಬಕ್ಕೆ ಅವನ ಕಾಲು,
ಜೌಗಿನ ಅಂಚಿಗೆ ಅವಳ ಕಣ್ಣು.
ಒಬ್ಬರು ಕಡಿಮೆಯಾದರೂ ಹಿಂಡು ನಡುವೆ ಸೋರಿಹೋಗುತ್ತದೆ,
ಬೊಗಸೆಯ ನೀರಿನ ಹಾಗೆ.

ಮಾತಾಡಲೇಬೇಕಾದಾಗ ನಾಯಿಗೆ ಹೇಳುವರು.
“ನೆಲ್, ಆ ಮನುಷ್ಯನಿಗೆ ಹೇಳು,
ಕೆಳಗಿನ ಹಳ್ಳದಲ್ಲಿ ಮೂರು ಉಳಿದಿವೆ.”
“ಕ್ಲೈಡ್, ಅವಳಿಗೆ ಹೇಳು, ನನಗೂ ಕಣ್ಣಿದೆ.”
ನಾಯಿಗಳು ಇವಳನ್ನು ನೋಡಿ, ಅವನನ್ನು ನೋಡಿ,
ನಾಲಿಗೆ ಚಾಚಿ ಕೂತವು
ತಟಸ್ಥ ರಾಷ್ಟ್ರಗಳಂತೆ.

ಮೂರನೆಯ ಅಕ್ಟೋಬರ್. ಮಂಜು.
ನಾನು ಹಗ್ಗ ಹಿಡಿದು ಓಡುವಷ್ಟರಲ್ಲಿ
ಕತ್ತಿನವರೆಗೆ ಹೂತಿತ್ತು ಒಂದು ಹೆಣ್ಣು ಕುರಿ.
ಅವನು ಕೊಂಬು ಹಿಡಿದಿದ್ದ.
ಅವಳು ಹೊಟ್ಟೆಯ ಮೇಲೆ ಮಲಗಿ
ಕೆಸರಿನೊಳಗೆ ಭುಜದವರೆಗೆ ಕೈಯಿಳಿಸಿ
ಹಿಂಗಾಲು ತಡಕುತ್ತಿದ್ದಳು.
“ಈಗ” ಎಂದಳು.
ನಾಯಿಗಲ್ಲ.
“ತಡಿ.”
“ಈಗ ಅಂದೆನಲ್ಲ!”

ಬಂತು ಕುರಿ, ಒದ್ದೆ ಬೂಟಿನಿಂದ ಕಾಲು ಬಂದ ಹಾಗೆ,
ಒಂದು ಅಸಭ್ಯ ಸದ್ದಿನೊಡನೆ.
ಮೈಯೆಲ್ಲ ಕಪ್ಪು. ಬೆನ್ನಿನ ಬಣ್ಣ
ಅವಳ ನೀಲಿಯೋ, ಅವನ ಕೆಂಪೋ ಕಾಣದು.
ಇಬ್ಬರೂ ಒಂದೊಂದು ಕಿವಿ ಹಿಡಿದು
ಕಚ್ಚು ಗುರುತು ಸವರಿ ನೋಡಿದರು, ಕುರುಡರ ಹಾಗೆ.
ಇಬ್ಬರದ್ದೂ ಅಲ್ಲ.
ಆಚೆ ಊರಿನ ಫಿನ್ಲೆಯದು.
ಆ ಸೋಮಾರಿ ಮತವನ್ನೇ ಹಾಕಿರಲಿಲ್ಲ.

ಬೈದರು ನೋಡಿ ಅವನನ್ನು!
ಗೇಲಿಕ್ಕಿನಲ್ಲಿ ಮಾತ್ರ ಬೈಯಬಹುದಾದ ಬೈಗುಳ,
ಉದ್ದದ್ದು, ಅವನ ಅಜ್ಜನಿಂದ ಶುರುವಾಗುವಂಥದ್ದು.
ಅವಳು ಎತ್ತಿಕೊಂಡಳು, ಇವನು ಮುಗಿಸಿದ.

ಇಲ್ಲಿಗೆ ನಿಲ್ಲಿಸಿದರೆ ಪಾದ್ರಿಗೆ ಭಾನುವಾರಕ್ಕಾಗುತ್ತದೆ.
ನಿಲ್ಲಿಸಲಾರೆ, ಅವರು ನಿಲ್ಲಿಸಲಿಲ್ಲ.
ನನ್ನ ಫ್ಲಾಸ್ಕಿಗಿದ್ದದ್ದು ಒಂದೇ ಮುಚ್ಚಳ.
ಒಂದು ಗುಟುಕು ಚಹಾ, “ನೀನು ಮಾಡಿದ್ದು ತಪ್ಪು, ಟಾರ್ಕ್ವಿಲ್.”
ಮುಚ್ಚಳ ಆಚೆಗೆ. ಒಂದು ಗುಟುಕು,
“ನಿನ್ನ ಪಿಂಚಣಿ ಯಾರು ಕೊಡುತ್ತಿದ್ದರು, ಮೀನೇ?”
ಮುಚ್ಚಳ ಈಚೆಗೆ.
“ಆ ಮೀನೂ ಅವರೇ ತಿಂದರಲ್ಲ!”
ಕತ್ತಲಾಯಿತು. ನನಗೆ ಚಹಾ ಉಳಿಯಲಿಲ್ಲ.

ಪುಸ್ತಕದಲ್ಲಿ ಬರೆದೆ:
ಹಾಜರು, ಇಬ್ಬರು.
ಕುರಿ ಒಂದು, ನಮ್ಮದಲ್ಲ, ಜೀವವಿದೆ.
ಅರ್ಜಿಗಳು ಇನ್ನೂ ಡ್ರಾಯರಿನಲ್ಲೇ ಇವೆ.
ಅವರು ಕೇಳಿಲ್ಲ.
ನಾನು ಮರೆತವನಂತೆ
ಅದರ ಮೇಲೆ ದಾರದುಂಡೆ, ಮೊಳೆ, ಒಡೆದ ಕನ್ನಡಕ
ಒಂದೊಂದಾಗಿ ತುಂಬುತ್ತಿದ್ದೇನೆ.